ಬಿಸಿ ನಲ್ಲಿಯಲ್ಲಿ ನೀರು ಬಂದರೆ ಟ್ಯಾಂಕ್ ತುಂಬಿದೆ ಅಂತಲ್ಲ

ಮೋಟರ್‌ಹೋಮ್, ಕ್ಯಾರವಾನ್, ಅಂದರೆ ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಪ್ರವಾಸದ ಗಾಡಿಗಳ ರಿಪೇರಿ ನನ್ನ ಕೆಲಸ. ಚಳಿಗಾಲ ಮುಗಿದು ಜನ ಗಾಡಿ ಹೊರಗೆ ತೆಗೆಯುವ ಹೊತ್ತಿಗೆ ನನ್ನ ಹತ್ತಿರ ಸುಟ್ಟುಹೋದ ನೀರಿನ ಹೀಟರ್ ಕಾಯಿಲ್‌ಗಳು ಬರೋದಕ್ಕೆ ಶುರುವಾಗುತ್ತವೆ. ತಂದವರು ಹೇಳೋದು ಹೆಚ್ಚುಕಮ್ಮಿ ಒಂದೇ ಮಾತು: "ಟ್ಯಾಂಕ್ ತುಂಬಿಸಿಯೇ ಸ್ವಿಚ್ ಹಾಕಿದ್ದು ಸಾರ್. ಬಿಸಿ ನಲ್ಲಿಯಲ್ಲಿ ನೀರು ಚೆನ್ನಾಗಿ ಬರ್ತಿತ್ತು." ಅವರು ಸುಳ್ಳು ಹೇಳುತ್ತಿಲ್ಲ. ನೀರು ಬಂದಿದ್ದು ನಿಜ. ಟ್ಯಾಂಕ್ ಖಾಲಿ ಇದ್ದದ್ದೂ ನಿಜ.

ಯಾವ ಸ್ವಿಚ್ ಎಲ್ಲಿದೆ, ಗ್ಯಾಸ್‌ನಲ್ಲಿ ಹೇಗೆ ಓಡಿಸೋದು, ಕರೆಂಟಿನಲ್ಲಿ ಹೇಗೆ ಅನ್ನೋದೆಲ್ಲ ಹೀಟರ್ ಜೊತೆ ಬಂದ ಪುಸ್ತಕದಲ್ಲಿದೆ. ಅದನ್ನು ಬಿಡೋಣ. ನಾನು ಹೇಳಬೇಕಿರೋದು ಬೈಪಾಸ್ ವಾಲ್ವ್ ಬಗ್ಗೆ.

ಗಾಡಿಯ ಹೀಟರ್ ಟ್ಯಾಂಕ್ ಸಾಮಾನ್ಯವಾಗಿ 23 ಲೀಟರಿನದು, ಇಲ್ಲವೇ 38 ಲೀಟರಿನದು. ಹಿಮ ಬೀಳುವ ಕಡೆ ಚಳಿಗಾಲಕ್ಕೆ ಗಾಡಿ ನಿಲ್ಲಿಸುವಾಗ ಪೈಪುಗಳು ಒಡೆಯದಿರಲಿ ಅಂತ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ತುಂಬುತ್ತೇವೆ. ಟ್ಯಾಂಕಿಗೂ ಅದನ್ನೇ ತುಂಬಿದರೆ ಸುಮ್ನೆ ದಂಡ. ಅದಕ್ಕೆ ಟ್ಯಾಂಕಿನ ನೀರು ಖಾಲಿ ಮಾಡಿ, ಬೈಪಾಸ್ ತಿರುಗಿಸುತ್ತೇವೆ. ಆಗ ತಣ್ಣೀರಿನ ಪೈಪು ಒಂದು ಅಡ್ಡಪೈಪಿನ ಮೂಲಕ ನೇರವಾಗಿ ಬಿಸಿನೀರಿನ ಪೈಪಿಗೆ ಸೇರಿಕೊಳ್ಳುತ್ತದೆ. ಟ್ಯಾಂಕ್ ಪೂರ್ತಿ ಹೊರಗುಳಿಯುತ್ತದೆ. ಚಳಿಗಾಲಕ್ಕೆ ಇದು ಸರಿಯಾದ ವ್ಯವಸ್ಥೆ.

ತೊಂದರೆ ಆಗೋದು ಚಳಿಗಾಲ ಮುಗಿದ ಮೇಲೆ. ಬೈಪಾಸ್ ವಾಪಸ್ ತಿರುಗಿಸೋದು ಮರೆತುಹೋಗಿರುತ್ತದೆ. ಗಾಡಿಗೆ ನೀರು ತುಂಬುತ್ತೀರಿ, ಪಂಪ್ ಹಾಕುತ್ತೀರಿ, ಬಿಸಿ ನಲ್ಲಿ ತೆರೆಯುತ್ತೀರಿ. ನೀರು ಬರುತ್ತದೆ. ಆ ನೀರು ಟ್ಯಾಂಕಿನ ಒಳಗೆ ಹೋಗಿ ಬಂದದ್ದಲ್ಲ, ಅಡ್ಡಪೈಪಿನಿಂದ ಬಂದ ತಣ್ಣೀರು. "ಇನ್ನೂ ಬಿಸಿಯಾಗಿಲ್ಲ" ಅಂದುಕೊಂಡು ಹೀಟರ್ ಸ್ವಿಚ್ ಹಾಕುತ್ತೀರಿ. ಒಳಗೆ ಕಾಯಿಲ್ ಬರೀ ಗಾಳಿಯಲ್ಲಿ ಕಾಯುತ್ತಿರುತ್ತದೆ.

ಈ ಕಾಯಿಲ್ ಸುಮಾರು 1,400 ವ್ಯಾಟಿನದು. ಸುತ್ತ ನೀರಿದ್ದರೆ ಅದರ ಶಾಖವನ್ನೆಲ್ಲ ನೀರು ಎಳೆದುಕೊಳ್ಳುತ್ತದೆ. ಗಾಳಿಗೆ ಆ ಶಕ್ತಿ ಇಲ್ಲ. ಶಾಖ ಕಾಯಿಲ್‌ನಲ್ಲೇ ಉಳಿದು ನೋಡನೋಡುತ್ತಿದ್ದಂತೆ ಕೆಂಪಗಾಗಿ ಒಳಗಿನ ತಂತಿ ಕಡಿದುಹೋಗುತ್ತದೆ. ಕೆಲವೊಮ್ಮೆ ಒಂದು ನಿಮಿಷವೂ ಬೇಕಾಗಲ್ಲ.

"ಥರ್ಮೋಸ್ಟಾಟ್ ಇತ್ತಲ್ಲ, ಅದು ಕಟ್ ಮಾಡಬೇಕಿತ್ತು ಅಲ್ವಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಥರ್ಮೋಸ್ಟಾಟ್ ಇರೋದು ಟ್ಯಾಂಕಿನ ಹೊರಮೈಗೆ ಅಂಟಿಕೊಂಡು. ಒಳಗಿನ ನೀರು 54 ರಿಂದ 60 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಆ ಬಿಸಿ ತಗಡಿಗೆ ಬಂದು, ಅಲ್ಲಿಂದ ಅದಕ್ಕೆ ಗೊತ್ತಾಗುತ್ತದೆ. ನೀರೇ ಇಲ್ಲದಿದ್ದರೆ ಕಾಯಿಲ್ ಸತ್ತ ಮೇಲೂ ಟ್ಯಾಂಕಿನ ಮೈ ತಣ್ಣಗೇ ಇರುತ್ತದೆ. ಗ್ಯಾಸ್‌ನಲ್ಲಿ ಓಡಿಸಿದರೆ ಜ್ವಾಲೆ ಟ್ಯಾಂಕಿನ ಲೋಹವನ್ನೇ ಕಾಯಿಸುವುದರಿಂದ ಸುರಕ್ಷತಾ ಕಟ್‌ಆಫ್ ಬೇಗ ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಹಾಗಂತ ಖಾಲಿ ಟ್ಯಾಂಕಿನಲ್ಲಿ ಗ್ಯಾಸ್ ಓಡಿಸಬಹುದು ಅಂತ ನಾನು ಖಂಡಿತ ಹೇಳಲಾರೆ.

ಹಾಗಾದರೆ ಟ್ಯಾಂಕ್ ತುಂಬಿದೆ ಅಂತ ತಿಳಿಯೋದು ಹೇಗೆ? ಇಲ್ಲಿ ಜನರ ಲೆಕ್ಕ ಉಲ್ಟಾ ಇದೆ. ಖಾಲಿ ಮಾಡಿಟ್ಟಿದ್ದ ಟ್ಯಾಂಕ್ ಅದು. ನಿಜವಾಗಿ ತುಂಬುತ್ತಿದ್ದರೆ ಬಿಸಿ ನಲ್ಲಿಯಲ್ಲಿ ನೀರು ಬರೋದು ತಡವಾಗಬೇಕು. ನಿಮಿಷಕ್ಕೆ 11 ಲೀಟರ್ ಎತ್ತುವ ಪಂಪಿಗೆ 23 ಲೀಟರಿನ ಟ್ಯಾಂಕ್ ತುಂಬಲು ಎರಡು ನಿಮಿಷವಾದರೂ ಬೇಕು, 38 ಲೀಟರಿನದಕ್ಕೆ ಮೂರಕ್ಕೂ ಜಾಸ್ತಿ. ಅಷ್ಟು ಹೊತ್ತು ನಲ್ಲಿಯಿಂದ ಗಾಳಿ ಬರುತ್ತದೆ, ನೀರು ಉಗುಳಿದಂತೆ ಬರುತ್ತದೆ, ಆಮೇಲೆ ಒಂದೇ ಧಾರೆಯಾಗುತ್ತದೆ. ನಲ್ಲಿ ತೆರೆದ ಕೂಡಲೇ ಧಾರಾಳವಾಗಿ ನೀರು ಸುರಿದರೆ ಸಂತೋಷಪಡಬೇಡಿ, ಅನುಮಾನಪಡಿ.

ಹೋದ ಸಲ ನಿವೃತ್ತ ದಂಪತಿ ಬಂದಿದ್ದರು. ಯಜಮಾನರು ಬಹಳ ಶ್ರದ್ಧೆಯ ಮನುಷ್ಯ. ಕಾಯಿಲ್ ಸುಟ್ಟಿತ್ತು ಅಂತ ತಾವೇ ಹೊಸದು ತಂದು ಹಾಕಿದ್ದರು. ಅದೂ ಅವತ್ತೇ ಸಂಜೆ ಹೋಯಿತು. ಕಾಯಿಲ್ ನಕಲಿ ಅನ್ನೋದು ಅವರ ತೀರ್ಮಾನ. ನಾನು ಹೊರಗಿನ ಮುಚ್ಚಳ ತೆಗೆದು, ಟ್ಯಾಂಕಿನ ಒತ್ತಡ ಹೊರಬಿಡಲು ಇರುವ ರಿಲೀಫ್ ವಾಲ್ವಿನ ಹಿಡಿ ಎತ್ತಿದೆ. ಒಂದು ಹನಿಯೂ ಬೀಳಲಿಲ್ಲ. ಅವರ ಹೆಂಡತಿ ಮೆಲ್ಲಗೆ ಅಂದರು, "ನಾನು ಅವತ್ತೇ ಕೇಳಿದ್ದೆ ಕಣ್ರೀ, ಇಷ್ಟು ಬೇಗ ಹೇಗೆ ನೀರು ಬಂತು ಅಂತ." ಆ ತಾಯಿ ಕೇಳಿದ್ದೇ ಸರಿಯಾದ ಪ್ರಶ್ನೆ.

ನಾನು ಮಾಡಿದ ಆ ಪರೀಕ್ಷೆ ನೀವೂ ಮಾಡಬಹುದು. ಹೀಟರ್ ಆಫ್ ಇದ್ದು ತಣ್ಣಗಿರಬೇಕು. ಬಿಸಿಯಿದ್ದಾಗ ಮುಟ್ಟಲೇಬೇಡಿ, ಕೈ ಬೆಂದೀತು. ಪಂಪ್ ಹಾಕಿ, ಬದಿಗೆ ನಿಂತು, ಹಿಡಿಯನ್ನು ನಿಧಾನ ಎತ್ತಿ. ಮೊದಲು ಸ್ವಲ್ಪ ಗಾಳಿ ಬರಬಹುದು. ಆಮೇಲೆ ನೀರು ಧಾರೆಯಾಗಿ ಬಂದರೆ ಟ್ಯಾಂಕ್ ತುಂಬಿದೆ, ಕಾಯಿಲ್ ಮುಳುಗಿದೆ. ಒಂದು ಎಚ್ಚರಿಕೆ: ವರ್ಷಗಟ್ಟಲೆ ಮುಟ್ಟದ ಹಳೇ ವಾಲ್ವ್ ಒಮ್ಮೆ ಎತ್ತಿದ ಮೇಲೆ ಸರಿಯಾಗಿ ಕೂರದೆ ತೊಟ್ಟಿಕ್ಕಬಹುದು. ಹಾಗಾದರೆ ಹೊಸದು ಹಾಕಿಸಿ.

ಬೈಪಾಸ್ ವಾಲ್ವುಗಳು ಹೀಟರಿನ ಹಿಂಭಾಗದಲ್ಲಿ, ಗಾಡಿಯ ಒಳಗಿರುತ್ತವೆ. ಬೆಂಚಿನ ಕೆಳಗೋ ಕಪಾಟಿನ ಹಿಂದೋ ಹುಡುಕಬೇಕಾದೀತು. ಹಿಡಿ ಪೈಪಿನ ನೇರಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಮೂರು ವಾಲ್ವಿನ ಜೋಡಣೆಯಾದರೆ ಕೆಳಗಿನ ತಣ್ಣೀರಿನದ್ದೂ ಮೇಲಿನ ಬಿಸಿನೀರಿನದ್ದೂ ತೆರೆದಿರಬೇಕು, ನಡುವಿನ ಅಡ್ಡಪೈಪಿನದು ಮುಚ್ಚಿರಬೇಕು. ಎರಡು ಅಥವಾ ಒಂದೇ ವಾಲ್ವ್ ಇರುವ ಗಾಡಿಗಳೂ ಇವೆ. ನಿಮ್ಮದು ಯಾವುದು ಅಂತ ಒಂದು ಸಲ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಟ್ಯಾಂಕ್ ಖಾಲಿ ಮಾಡಿದ ದಿನವೇ ಹೀಟರಿನ ಬ್ರೇಕರ್ ಆಫ್ ಮಾಡಿ, ಅದರ ಮೇಲೆ ಟೇಪ್ ಅಂಟಿಸಿ "ಟ್ಯಾಂಕ್ ಖಾಲಿ" ಅಂತ ಬರೆದಿಡಿ. ಕೆಲವು ಹೀಟರುಗಳಿಗೆ ಹೊರಗಿನ ಮುಚ್ಚಳದ ಹಿಂದೆ ಕರೆಂಟಿನ ಸಣ್ಣ ಸ್ವಿಚ್ ಒಂದಿರುತ್ತದೆ. ಅದು ಆನ್ ಇದ್ದು, ಒಳಗಿನ ಸ್ವಿಚ್ಚೂ ಆನ್ ಉಳಿದಿದ್ದರೆ ಗಾಡಿಗೆ ಕರೆಂಟ್ ಕೊಟ್ಟ ಕ್ಷಣವೇ, ನೀರು ತುಂಬುವ ಮೊದಲೇ, ಕಾಯಿಲ್ ಹೋಗುತ್ತದೆ.

ಗ್ಯಾಸ್ ಹತ್ತುತ್ತಿಲ್ಲ ಅಂತ ಫೋನ್ ಮಾಡುವವರಿಗೂ ಒಂದು ಮಾತು. ಸಿಲಿಂಡರ್ ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಮೊದಲು ಅಡುಗೆ ಒಲೆ ಹಚ್ಚಿ ನೋಡಿ. ಅದು ಸ್ಥಿರವಾಗಿ ಉರಿದ ಮೇಲೆ ಹೀಟರ್ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿ. ಗ್ಯಾಸ್ ವಾಸನೆ ಬಂದರೆ ಇದ್ಯಾವುದೂ ಬೇಡ. ಸಿಲಿಂಡರ್ ಬಂದ್ ಮಾಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ.

ಟ್ಯಾಂಕ್ ಸರಿಯಾಗಿ ತುಂಬಿಸಿದವರು ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡುತ್ತಾರೆ, ನೀರು ಕಾಯುವಾಗ ರಿಲೀಫ್ ವಾಲ್ವ್ ತೊಟ್ಟಿಕ್ಕುತ್ತಿದೆ ಅಂತ. ನೀರು ಬಿಸಿಯಾದರೆ ಹಿಗ್ಗುತ್ತದೆ. ಅದಕ್ಕೆ ಜಾಗ ಕೊಡಲು ಟ್ಯಾಂಕಿನ ಮೇಲ್ಭಾಗದಲ್ಲಿ ಸ್ವಲ್ಪ ಗಾಳಿ ಇರಬೇಕು. ದಿನ ಕಳೆದಂತೆ ಆ ಗಾಳಿ ನೀರಿನಲ್ಲಿ ಕರಗಿಹೋಗುತ್ತದೆ. ಹೀಟರ್ ತಣ್ಣಗಾಗಲು ಬಿಡಿ, ಪಂಪ್ ಮತ್ತು ಹೊರಗಿನ ನೀರು ನಿಲ್ಲಿಸಿ, ಒಂದು ಬಿಸಿ ನಲ್ಲಿ ತೆರೆದು ವಾಲ್ವಿನ ಹಿಡಿ ಎತ್ತಿ ಹಿಡಿಯಿರಿ. ನೀರು ಬರೋದು ತಾನಾಗಿ ನಿಲ್ಲುವವರೆಗೆ ಕಾದು, ಹಿಡಿ ಬಿಟ್ಟು, ನಲ್ಲಿ ಮುಚ್ಚಿ, ಮತ್ತೆ ನೀರು ಹಾಯಿಸಿ. ಆಮೇಲೂ ತೊಟ್ಟಿಕ್ಕಿದರೆ ತೋರಿಸಿ. ಆ ವಾಲ್ವಿನ ಬಾಯಿಗೆ ಬಿರಡೆ ಜಡಿದುಕೊಂಡು ಬಂದವರನ್ನು ಕಂಡಿದ್ದೇನೆ. ಒತ್ತಡ ಹೊರಹೋಗಲು ಇರುವ ದಾರಿ ಅದು. ಯಾವ ಕಾರಣಕ್ಕೂ ಅದನ್ನು ಮುಚ್ಚಬೇಡಿ.