ಬಡಿಗೆ ಹಿಡಿದ ವಕೀಲರು

1571ರ ಜೂನ್ ತಿಂಗಳ ಒಂದು ಬೆಳಿಗ್ಗೆ ಹೆನ್ರಿ ನೇಲರ್ ಎಂಬ ಕತ್ತಿವರಸೆಯ ಗುರು ಲಂಡನ್ನಿನ ಬೀದಿಗಳಲ್ಲಿ ಮೆರವಣಿಗೆ ಹೊರಟ. ಮೈಮೇಲೆ ಕಡುಗೆಂಪು ಸ್ಯಾಟಿನ್ ದಿರಿಸು, ತಲೆಗೆ ಕಪ್ಪು ಮಖಮಲ್ಲಿನ ಟೋಪಿ, ಮುಂದೆ ನಗಾರಿ ಮತ್ತು ಕೊಳಲು. ವೆಸ್ಟ್‌ಮಿನ್‌ಸ್ಟರ್ ಬಳಿಯ ಟಾಟ್‌ಹಿಲ್ ಬಯಲಿನಲ್ಲಿ ಅವನಿಗಾಗಿ ಕಾಯುತ್ತಿದ್ದವರು ನ್ಯಾಯಾಧೀಶರು. ಕೆಂಟ್ ಸೀಮೆಯ ಒಂದು ಜಮೀನು ಯಾರದು ಎಂಬುದು ಅಂದು ಹೊಡೆದಾಟದಲ್ಲಿ ತೀರ್ಮಾನವಾಗಬೇಕಿತ್ತು. ಆ ಜಮೀನಿನಲ್ಲಿ ನೇಲರ್‌ಗೆ ಒಂದು ಗೇಣು ನೆಲವೂ ಇರಲಿಲ್ಲ. ಅವನು ವಾದಿಗಳ ಪರವಾಗಿ ಬಡಿದಾಡಲು ಬಂದವನು.

ಹೀಗೆ ಹೊಡೆದಾಟದಿಂದಲೇ ವ್ಯಾಜ್ಯ ತೀರಿಸುವ ದ್ವಂದ್ವನ್ಯಾಯದ ಮಾತೆತ್ತಿದರೆ ಸಾಕು, 'ಗೆದ್ದವನ ಕಡೆ ದೇವರಿದ್ದಾನೆ ಎಂದು ನಂಬಿದ್ದ ಮೂಢರು' ಎಂದು ನಗುವವರೇ ಹೆಚ್ಚು. ನಂಬಿಕೆ ಇತ್ತು, ನಿಜ. ಆದರೆ ಆರನೆಯ ಶತಮಾನದ ಆರಂಭದಲ್ಲೇ ಬರ್ಗಂಡಿಯರ ದೊರೆ ಗುಂಡೊಬಾದ್ ಇದನ್ನು ಕಾನೂನಾಗಿ ಬರೆಸಿದಾಗ ಕೊಟ್ಟ ಕಾರಣ ತೀರಾ ಲೌಕಿಕವಾದದ್ದು: ಜನ ಎಳ್ಳಷ್ಟೂ ಅಂಜದೆ ಸುಳ್ಳು ಪ್ರಮಾಣ ಮಾಡುತ್ತಿದ್ದಾರೆ. ಕಾಗದಪತ್ರವಿಲ್ಲ, ಸಾಕ್ಷಿಗಳು ಸುಳ್ಳರು. ಅಂಥಲ್ಲಿ ಸತ್ಯವನ್ನು ಎಲ್ಲಿಂದ ತರುವುದು?

ಇಂಗ್ಲೆಂಡಿನಲ್ಲಿ ಜಮೀನಿನ ವ್ಯಾಜ್ಯಕ್ಕೆ ಅಂಕಣದಲ್ಲಿ ಇಳಿಯುತ್ತಿದ್ದದ್ದು ಕಕ್ಷಿದಾರರಲ್ಲ, ಅವರು ಗೊತ್ತುಮಾಡಿದ ಆಳುಗಳು. ಹಳೆಯ ಕನ್ನಡದಲ್ಲಿ ಹೀಗೆ ಅಂಕಣದಲ್ಲಿ ಕಾದುವವನಿಗೆ ಅಂಕಕಾರ ಎಂಬ ಚೆಂದದ ಹೆಸರಿದೆ. ಕರಾವಳಿಯ ಕೋಳಿ ಅಂಕದಲ್ಲಿ ಆ ಪದ ಇನ್ನೂ ಉಸಿರಾಡುತ್ತಿದೆ. ಅರವತ್ತು ಅಡಿ ಚೌಕದ ಅಂಕಣ. ಬರಿದಾದ ತಲೆ, ಮೊಣಕಾಲಿನ ಕೆಳಗೆ ಬರಿಗಾಲು. ಕೈಯಲ್ಲಿ ಒಂದು ಬಡಿಗೆ, ಚೌಕಾಕಾರದ ಚರ್ಮದ ಗುರಾಣಿ. ಮಾಟಮಂತ್ರದ ವಸ್ತು ಯಾವುದನ್ನೂ ಅಡಗಿಸಿಟ್ಟುಕೊಂಡಿಲ್ಲವೆಂದು ಪ್ರಮಾಣ. ಸಂಜೆ ನಕ್ಷತ್ರ ಮೂಡುವವರೆಗೆ ಪ್ರತಿವಾದಿಯ ಆಳು ಸೋಲೊಪ್ಪದೆ ನಿಂತರೆ ಜಮೀನು ಪ್ರತಿವಾದಿಗೇ. ಸಾವು ಅಪರೂಪ.

ಅರ್ಥಶಾಸ್ತ್ರಜ್ಞ ಪೀಟರ್ ಲೀಸನ್ ಇದರಲ್ಲಿ ಕಂಡದ್ದು ಒಂದು ಹರಾಜನ್ನು. ಗಟ್ಟಿ ಆಳಿಗೆ ಹೆಚ್ಚು ಹಣ. ಜಮೀನು ಯಾರಿಗೆ ಹೆಚ್ಚು ಬೆಲೆಯದೋ ಅವನೇ ಹೆಚ್ಚು ಸುರಿಯುತ್ತಾನೆ, ಅವನೇ ಗೆಲ್ಲುವ ಸಂಭವ ಹೆಚ್ಚು. ಆದರೆ ಇದು ಸಾಮಾನ್ಯ ಹರಾಜಲ್ಲ. ಸೋತವನ ಠೇವಣಿಯೂ ಮುಟ್ಟುಗೋಲಾಗುವ ಹರಾಜು. ಹಾಗಾಗಿ ಎದುರಾಳಿ ಎಂಥ ಆಳನ್ನು ಹಿಡಿದಿದ್ದಾನೆಂದು ಗೊತ್ತಾದ ಕೂಡಲೇ ಮತ್ತೊಬ್ಬನ ಮನಸ್ಸು ರಾಜಿಯ ಕಡೆ ವಾಲುತ್ತದೆ. ಎರಡು ಗೂಳಿಗಳು ಎದುರುಬದುರಾದಾಗ ನೋಡಿ: ಕೊಂಬು ತಾಗಿಸುವ ಮೊದಲು ಅಡ್ಡನಿಂತು ಮೈ ತೋರಿಸುತ್ತವೆ, ನೆಲ ಕೆರೆಯುತ್ತವೆ, ಗುಟುರು ಹಾಕುತ್ತವೆ, ಎಷ್ಟೋ ಸಲ ಒಂದು ಸುಮ್ಮನೆ ಹಿಂದೆ ಸರಿಯುತ್ತದೆ. ನಮ್ಮ ಕೋರ್ಟುಗಳಲ್ಲೂ ಎದುರು ಕಕ್ಷಿ ದೊಡ್ಡ ವಕೀಲರನ್ನು ಹಿಡಿದ ಸುದ್ದಿ ಬಂದರೆ ಹಳೆಯ ಭಾಗದ ಜಗಳವೂ ಲೋಕ ಅದಾಲತ್ತಿನ ದಾರಿ ಹಿಡಿಯುವುದುಂಟು. ನೇಲರ್‌ನ ನಗಾರಿಯೂ ಆ ಗುಟುರೇ.

ಈ ಲೆಕ್ಕ ನನಗೆ ತುಂಬ ಇಷ್ಟ, ಆದರೂ ಅದರಲ್ಲೊಂದು ತೂತಿದೆ. ಬಡವನಿಗೆ ತನ್ನ ಎರಡೆಕರೆ ಪ್ರಾಣದಷ್ಟೇ ಬೆಲೆಯದಾಗಿರಬಹುದು. ಹರಾಜು ಅಳೆಯುವುದು ಅವನ ಪ್ರಾಣವನ್ನಲ್ಲ, ಚೀಲವನ್ನು.

ಅಪರಾಧದ ದೂರುಗಳಲ್ಲಂತೂ ಹರಾಜಿನ ಮಾತೇ ಇಲ್ಲ. ಅಲ್ಲಿ ಸಾಮಾನ್ಯವಾಗಿ ದೂರುಕೊಟ್ಟವನೇ ಇಳಿಯಬೇಕು. 1386ರ ಡಿಸೆಂಬರ್ 29ರಂದು ಪ್ಯಾರಿಸ್ಸಿನಲ್ಲಿ ಜ್ಯಾಂ ದ ಕರೂಜ್, ತನ್ನ ಹೆಂಡತಿ ಮಾರ್ಗರೀತ್ ಮೇಲೆ ಅತ್ಯಾಚಾರವೆಸಗಿದನೆಂದು ದೂರಿ, ಜಾಕ್ ಲೆ ಗ್ರಿಯೊಂದಿಗೆ ಕಾದಿದ. ಗಂಡ ಸೋತಿದ್ದರೆ ಸುಳ್ಳು ಹೇಳಿದಳೆಂದು ಮಾರ್ಗರೀತ್‌ಳನ್ನು ಜೀವಂತ ಸುಡುತ್ತಿದ್ದರು. ಅವಳು ಅಲ್ಲೇ ನಿಂತು ನೋಡಬೇಕಾಯಿತು. ಸತ್ತದ್ದು ಲೆ ಗ್ರಿ. ಇಲ್ಲಿ ಯಾವ ಅರ್ಥಶಾಸ್ತ್ರವನ್ನೂ ಮೆಚ್ಚಲು ನನಗೆ ಮನಸ್ಸಿಲ್ಲ.

ಇಂಗ್ಲೆಂಡ್ ಈ ಕಾನೂನನ್ನು ಮರೆತೇಬಿಟ್ಟಿತ್ತು. 1817ರಲ್ಲಿ ಕೊಲೆಯ ಆರೋಪಿ ಅಬ್ರಹಾಂ ಥಾರ್ನ್‌ಟನ್ ದ್ವಂದ್ವದ ಹಕ್ಕು ಕೇಳಿದ, 1818ರಲ್ಲಿ ನ್ಯಾಯಾಧೀಶರು ಒಲ್ಲದ ಮನಸ್ಸಿನಿಂದ ಒಪ್ಪಬೇಕಾಯಿತು. ದೂರುದಾರ ಹಿಂದೆ ಸರಿದ. ಮರುವರ್ಷ ಸಂಸತ್ತು ಅದನ್ನು ರದ್ದುಮಾಡಿತು.

ಟಾಟ್‌ಹಿಲ್ ಬಯಲಿನಲ್ಲಿ ಅಂದು ವಾದಿಗಳ ಹೆಸರು ಕೂಗಿದರು. ಯಾರೂ ಓಗೊಡಲಿಲ್ಲ, ಒಳಗೊಳಗೇ ರಾಜಿಯಾಗಿತ್ತು. ದಾವೆ ಬಿದ್ದುಹೋಯಿತು. ಬಂದ ಜನ ಬರಿಗೈಯಲ್ಲಿ ಹೋಗಬಾರದೆಂದೋ ಏನೋ, ನೇಲರ್ ಎದುರಾಳಿ ಜಾರ್ಜ್ ಥಾರ್ನ್‌ನನ್ನು ಹತ್ತು ಪೆಟ್ಟಿನ ವಿನೋದದ ಆಟಕ್ಕೆ ಕರೆದ. ತಾನು ಬಂದದ್ದು ಕಾದಲು, ಆಡಲು ಅಲ್ಲ ಎಂದು ಥಾರ್ನ್ ಒಪ್ಪಲಿಲ್ಲ. ಮುಖ್ಯ ನ್ಯಾಯಾಧೀಶರು ನೇಲರ್‌ನ ಧೈರ್ಯವನ್ನು ಹೊಗಳಿ, ಇಬ್ಬರನ್ನೂ ಮನೆಗೆ ಕಳುಹಿಸಿದರು.