ಮಧ್ಯಾಹ್ನ ಕಿವುಡಾಗುವ ಕಡಲು

ಸಬ್‌ಮರೀನ್ ಯುದ್ಧದ ಒಂದು ಥ್ರಿಲ್ಲರ್ ಕಾದಂಬರಿಯನ್ನು ಗೆಳೆಯನಿಗೆ ಓದಲು ಕೊಟ್ಟಿದ್ದೆ. ನಾಲ್ಕೇ ದಿನಕ್ಕೆ ವಾಪಸ್ ತಂದ. "ಅರ್ಧಕ್ಕೇ ಬಿಟ್ಟೆ ಮಾರಾಯ. ಐವತ್ತೈದು ಕಿಲೋಮೀಟರ್ ದೂರದ ಸಬ್‌ಮರೀನ್ ಸದ್ದು ಕೇಳ್ತದಂತೆ. ಅದೇ ಇಪ್ಪತ್ತು ಕಿಲೋಮೀಟರಿಗೆ ಬಂದ್ರೆ ಕೇಳುದಿಲ್ವಂತೆ. ಹತ್ತಿರ ಬಂದಷ್ಟೂ ಜೋರಾಗಿ ಕೇಳ್ಬೇಕಲ್ವಾ? ಬರೆದವನಿಗೆ ಅಷ್ಟೂ ಗೊತ್ತಿಲ್ವಾ?"

ಬರೆದವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪುಟ ಅದೇ. ಇಂಥ ಕಾದಂಬರಿಗಳನ್ನು ಓದುವವರು ಕ್ಯಾಪ್ಟನ್ನನ ಧೈರ್ಯ, ಟಾರ್ಪಿಡೊ, ಕೊನೇ ಕ್ಷಣದ ತಿರುವು ಇವನ್ನೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅರ್ಧ ಕಥೆಯನ್ನು ನಡೆಸುವುದು ನೀರಿನ ಬಿಸಿ ಮತ್ತು ತಂಪು. ಅದೊಂದು ಅರ್ಥವಾದರೆ ಈ ಪುಸ್ತಕಗಳ ರುಚಿಯೇ ಬೇರೆ.

ಈ ಬಗೆಯ ಕಾದಂಬರಿಗೆ ಜಗತ್ತಿನಾದ್ಯಂತ ಓದುಗರನ್ನು ಗಳಿಸಿಕೊಟ್ಟದ್ದು 1984ರಲ್ಲಿ ಬಂದ 'ದಿ ಹಂಟ್ ಫಾರ್ ರೆಡ್ ಅಕ್ಟೋಬರ್'. ಬರೆದ ಟಾಮ್ ಕ್ಲಾನ್ಸಿ ನೌಕಾಪಡೆಯವರಲ್ಲ, ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಇನ್ಶೂರೆನ್ಸ್ ಏಜೆಂಟ್ ಆಗಿದ್ದವರು. ಅದನ್ನು ಅಚ್ಚು ಹಾಕಿದ್ದು ಅಲ್ಲಿನ ನೇವಲ್ ಇನ್‌ಸ್ಟಿಟ್ಯೂಟ್‌ನ ಪ್ರಕಾಶನ. ಅಲ್ಲಿಯವರೆಗೆ ಆ ಪ್ರಕಾಶನ ಹೊಸ ಕಾದಂಬರಿಯನ್ನೇ ಪ್ರಕಟಿಸಿರಲಿಲ್ಲ. ಗುಟ್ಟಿನ ದಾಖಲೆ ಯಾವುದೂ ಕೈಯಲ್ಲಿಲ್ಲದೆ, ಎಲ್ಲರಿಗೂ ಸಿಗುವ ಪುಸ್ತಕಗಳನ್ನು ಓದಿ, ಬಲ್ಲವರನ್ನು ಕೇಳಿ ಬರೆದ ಕಥೆ ಅದು. ಕಡಲೊಳಗೆ ಸದ್ದು ಹೇಗೆ ಓಡಾಡುತ್ತದೆ ಅನ್ನುವುದು ಆ ಹೊತ್ತಿಗೆ ಪಠ್ಯಪುಸ್ತಕದ ವಿಷಯವಾಗಿತ್ತು.

ವಿಶಾಖಪಟ್ಟಣದ ಬೀಚಿನಲ್ಲಿ 'ಐಎನ್‌ಎಸ್ ಕುರ್ಸುರಾ' ಎಂಬ ನಿಜವಾದ ಸಬ್‌ಮರೀನನ್ನೇ ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. 1969ರಲ್ಲಿ ನೌಕಾಪಡೆ ಸೇರಿದ್ದು, 2001ರಲ್ಲಿ ನಿವೃತ್ತಿಯಾದದ್ದು. ಸುಮಾರು 91 ಮೀಟರ್ ಉದ್ದ. ಆದರೆ ಒಳಗೆ ಒಬ್ಬರ ಹಿಂದೆ ಒಬ್ಬರು ಸರಿಯುವಷ್ಟೇ ಜಾಗ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡಗಿನ ಬಾಗಿಲು. ತಲೆ ತಗ್ಗಿಸಿ, ಒಂದು ಕಾಲು ಮೊದಲು ಆಚೆ ಇಟ್ಟು, ಆಮೇಲೆ ಮೈ ತೂರಿಸಬೇಕು. ಗೋಡೆ ತುಂಬ ಪೈಪು, ವಾಲ್ವು, ಮೀಟರು. ಮಗಳು ಪೂರ್ತಿ ನಡೆದು ಬಂದು ಕೇಳಿದಳು: "ಅಪ್ಪಾ, ಕಿಟಕಿ ಎಲ್ಲಿ?"

ಕಿಟಕಿ ಇಲ್ಲ. ಇದ್ದರೂ ಪ್ರಯೋಜನವಿಲ್ಲ. ಇನ್ನೂರು ಮೀಟರ್ ಕೆಳಗೆ ಇಳಿಯುವಷ್ಟರಲ್ಲಿ ಬಿಸಿಲು ಹೆಚ್ಚುಕಡಿಮೆ ಸತ್ತೇ ಹೋಗಿರುತ್ತದೆ. ರೇಡಾರ್, ಮೊಬೈಲ್, ಜಿಪಿಎಸ್ ಎಲ್ಲವೂ ರೇಡಿಯೊ ಅಲೆಗಳು. ಉಪ್ಪುನೀರು ಅವನ್ನು ಹೊಕ್ಕ ಕೂಡಲೇ ನುಂಗಿಬಿಡುತ್ತದೆ. "ಸ್ಯಾಟಲೈಟ್‌ನಲ್ಲಿ ನೋಡಿದರೆ ಸಬ್‌ಮರೀನ್ ಎಲ್ಲಿದೆ ಅಂತ ಗೊತ್ತಾಗಲ್ವಾ?" ಎಂದು ಕೇಳುವವರು ಜಾಸ್ತಿ. ಆಳಕ್ಕಿಳಿದ ಮೇಲೆ ಗೊತ್ತಾಗುವುದಿಲ್ಲ. ತಮಿಳುನಾಡಿನ ತಿರುನೆಲ್ವೇಲಿ ಹತ್ತಿರ ನಮ್ಮ ನೌಕಾಪಡೆ ಸಬ್‌ಮರೀನ್‌ಗಳಿಗೆ ಸಂದೇಶ ಕಳಿಸಲು ಭಾರೀ ಎತ್ತರದ ಆಂಟೆನಾಗಳನ್ನು ನಿಲ್ಲಿಸಿರುವುದು ಇದೇ ಕಾರಣಕ್ಕೆ. ಅಷ್ಟೆಲ್ಲ ಮಾಡಿದರೂ ಅಲೆ ನೀರೊಳಗೆ ಇಳಿಯುವುದು ಹತ್ತಿಪ್ಪತ್ತು ಮೀಟರ್ ಅಷ್ಟೇ. ಆಳದಲ್ಲಿ ಉಳಿಯುವುದು ಸದ್ದೊಂದೇ.

ಸದ್ದಿಗೆ ಮಾತ್ರ ನೀರು ರಾಜಮಾರ್ಗ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬ ವಿಜ್ಞಾನಿಗಳು ಇದನ್ನು ಅಳೆದರು. ಒಂದು ದೋಣಿಯಿಂದ ಗಂಟೆಯನ್ನು ನೀರೊಳಗೆ ಇಳಿಬಿಟ್ಟಿದ್ದರು. ಗಂಟೆ ಬಾರಿಸಿದ ಕ್ಷಣಕ್ಕೇ ಮೇಲೆ ಮದ್ದು ಭಗ್ಗೆಂದು ಉರಿಯುವ ಏರ್ಪಾಡು. ಹದಿಮೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಇನ್ನೊಂದು ದೋಣಿ. ಕತ್ತಲಲ್ಲಿ ಬೆಳಕು ಕಂಡ ಕೂಡಲೇ ಗಡಿಯಾರ ಶುರು, ನೀರಲ್ಲಿ ಅದ್ದಿದ ಉದ್ದನೆಯ ಕೊಳವೆಗೆ ಕಿವಿಯಿಟ್ಟವರಿಗೆ ಗಂಟೆ ಕೇಳಿದ ಕೂಡಲೇ ಬಂದ್. ಲೆಕ್ಕ ಹಾಕಿದರೆ ಸೆಕೆಂಡಿಗೆ 1435 ಮೀಟರ್! ಗಾಳಿಯಲ್ಲಿ ಸದ್ದಿನ ವೇಗ ಸುಮಾರು 340. ಕಡಲ ನೀರಿನಲ್ಲಿ ಸುಮಾರು 1500.

ಈ 'ಸುಮಾರು' ಅನ್ನುವ ಮಾತಿನಲ್ಲೇ ಎಲ್ಲ ಅಡಗಿದೆ. ನೀರು ಒಂದು ಡಿಗ್ರಿ ಬೆಚ್ಚಗಾದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್ ಹೆಚ್ಚುತ್ತದೆ. ಆಳ ಹೆಚ್ಚಿದರೂ ಒತ್ತಡದಿಂದ ವೇಗ ಏರುತ್ತದೆ, ನೂರು ಮೀಟರಿಗೆ ಸುಮಾರು 1.7 ಮೀಟರ್. ಸಾವಿರದೈನೂರರಲ್ಲಿ ಮೂರು ಯಾವ ಲೆಕ್ಕ ಅನ್ನಿಸಬಹುದು. ಸ್ವಲ್ಪ ತಾಳಿ.

ಬೇಸಿಗೆಯಲ್ಲಿ ತೋಟದ ಬಾವಿಗೆ ಧುಮುಕಿ ಈಜಿದವರಿಗೆ ಒಂದು ಅನುಭವ ಇರುತ್ತದೆ. ಎದೆಯ ಮಟ್ಟದ ನೀರು ಹದವಾಗಿ ಬೆಚ್ಚಗೆ. ಕಾಲು ಕೆಳಗೆ ಚಾಚಿದರೆ ಥಟ್ಟನೆ ಕೊರೆಯುವ ತಂಪು. ನಡುವೆ ಯಾರೋ ಗೆರೆ ಎಳೆದ ಹಾಗೆ. ಕಡಲಲ್ಲೂ ಅದೇ. ಗಾಳಿ ಮತ್ತು ಅಲೆ ಕಲಕುವಷ್ಟು ಆಳದವರೆಗೆ ನೀರು ಒಂದೇ ಸಮ ಬೆಚ್ಚಗಿರುತ್ತದೆ. ಅದರ ಕೆಳಗೆ ಬೇಗ ಬೇಗ ತಣ್ಣಗಾಗುವ ಪದರ. ಕಾದಂಬರಿಗಳಲ್ಲಿ "ಲೇಯರ್ ಕೆಳಗೆ ಇಳೀರಿ!" ಎಂದು ಕ್ಯಾಪ್ಟನ್ ಕೂಗುವುದು ಇದನ್ನೇ ಕುರಿತು. ಥರ್ಮೋಕ್ಲೈನ್ ಅನ್ನುತ್ತಾರೆ.

ಈಗ ಸದ್ದು ಇಲ್ಲಿ ಏನು ಮಾಡುತ್ತದೆ ನೋಡಿ. ಗದ್ದೆಯಂಚಿನಲ್ಲಿ ಎತ್ತಿನ ಗಾಡಿ ನೇರ ಹೋಗುತ್ತಿದೆ ಅಂದುಕೊಳ್ಳಿ. ಬಲಗಡೆ ಗಾಲಿ ಕೆಸರಿಗೆ ಇಳಿಯಿತು. ಅದು ನಿಧಾನ, ಎಡಗಡೆಯದು ಅದೇ ವೇಗ. ಗಾಡಿ ಯಾವ ಕಡೆ ತಿರುಗುತ್ತದೆ? ಕೆಸರಿನ ಕಡೆಗೇ. ಅಥವಾ ಮಕ್ಕಳು ಸಾಲಾಗಿ ಕೈಹಿಡಿದು ಓಡುತ್ತಿದ್ದಾರೆ, ಒಂದು ತುದಿಯವರ ಕಾಲು ಮರಳಲ್ಲಿ ಹೂತಿತು. ಇಡೀ ಸಾಲು ಮರಳಿನ ಕಡೆಗೆ ವಾಲುತ್ತದೆ. ಸದ್ದಿನ ಅಲೆಯೂ ಹೀಗೆ ಅಗಲವಾದ ಸಾಲು. ಮೇಲಿನ ಅಂಚು ಬೆಚ್ಚಗಿನ ನೀರಲ್ಲಿ ಬೇಗ ಓಡುತ್ತದೆ, ಕೆಳಗಿನದು ತಣ್ಣಗಿನ ನೀರಲ್ಲಿ ತಡವಾಗುತ್ತದೆ. ಅಲೆ ಕೆಳಕ್ಕೆ ಬಾಗುತ್ತದೆ. ಸದ್ದು ಯಾವಾಗಲೂ ತನ್ನ ವೇಗ ಕಡಿಮೆಯಿರುವ ಕಡೆಗೇ ಬಾಗುತ್ತದೆ. ಈ ಒಂದು ಸಾಲು ನೆನಪಿರಲಿ, ಸಾಕು. ಏಪ್ರಿಲ್ ಬಿಸಿಲಲ್ಲಿ ಹೆದ್ದಾರಿ ಮೇಲೆ ಕಾಣುವ ಬಿಸಿಲ್ಗುದುರೆಯೂ ಇದೇ ನಿಯಮದ ಆಟ. ಅಲ್ಲಿ ಬಾಗುವುದು ಬೆಳಕು, ಇಲ್ಲಿ ಸದ್ದು.

ಎಷ್ಟು ಬಾಗುತ್ತದೆ? ಪ್ರತಿ ಹತ್ತು ಮೀಟರ್ ಆಳಕ್ಕೆ ನೀರು ಒಂದು ಡಿಗ್ರಿ ತಣ್ಣಗಾಗುತ್ತಿದ್ದರೆ, ನೇರವಾಗಿ ಹೊರಟ ಸದ್ದು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಸುಮಾರು ನೂರು ಮೀಟರ್ ಕೆಳಗಿಳಿದಿರುತ್ತದೆ. ಯಾವ ಲೆಕ್ಕ ಅನ್ನಿಸಿದ ಆ ಮೂರು ಮೀಟರಿನ ಕೆಲಸ ಇದು.

1937ರ ಸುಮಾರಿಗೆ ಅಮೆರಿಕದ 'ಸೆಮ್ಸ್' ಎಂಬ ನೌಕೆ ಕ್ಯೂಬಾದ ಗ್ವಾಂಟನಾಮೊ ಬಳಿ ಸೋನಾರ್ (ಸದ್ದು ಹೊರಡಿಸಿ, ಅದರ ಪ್ರತಿಧ್ವನಿ ಕೇಳಿ ನೀರೊಳಗಿನದನ್ನು ಪತ್ತೆ ಮಾಡುವ ಯಂತ್ರ) ಪರೀಕ್ಷೆ ಮಾಡುತ್ತಿತ್ತು. ಬೆಳಿಗ್ಗೆ ಸಬ್‌ಮರೀನಿನ ಪ್ರತಿಧ್ವನಿ ಚೆನ್ನಾಗಿ ಸಿಗುತ್ತಿತ್ತು. ಮಧ್ಯಾಹ್ನವಾದರೆ ಮಂಕು, ಒಮ್ಮೊಮ್ಮೆ ಪೂರ್ತಿ ಮಾಯ. ಯಂತ್ರ ಸರಿಯಾಗಿತ್ತು. ಊಟ ಮಾಡಿ ತೂಕಡಿಸುತ್ತಾರೇನೋ ಎಂದು ಸೋನಾರ್ ಕೇಳುವ ಹುಡುಗರ ಮೇಲೇ ಅನುಮಾನ ಬಂತು. ಕೊನೆಗೆ ಸಾಗರ ಸಂಶೋಧನೆಯ ವುಡ್ಸ್ ಹೋಲ್ ಸಂಸ್ಥೆಯ ಕೊಲಂಬಸ್ ಐಸೆಲಿನ್ 'ಅಟ್ಲಾಂಟಿಸ್' ಹಡಗಿನಲ್ಲಿ ಹೋಗಿ ನೀರಿನ ಉಷ್ಣತೆ ಅಳೆದು ನೋಡಿದರು. ಬಿಸಿಲೇರಿದಂತೆ ಮೇಲಿನ ಕೆಲವು ಮೀಟರ್ ನೀರು ಒಂದೆರಡು ಡಿಗ್ರಿ ಕಾಯುತ್ತಿತ್ತು, ಅಷ್ಟೇ. ಸದ್ದು ಕೆಳಕ್ಕೆ ಬಾಗಿ ಸಬ್‌ಮರೀನಿನ ಅಡಿಯಲ್ಲಿ ಹಾದು ಹೋಗುತ್ತಿತ್ತು. ಆ ಹುಡುಗರ ತಪ್ಪೇನೂ ಇರಲಿಲ್ಲ. ಇದಕ್ಕೆ 'ಮಧ್ಯಾಹ್ನದ ಪರಿಣಾಮ' ಎಂಬ ಹೆಸರೇ ಉಳಿಯಿತು.

ಅದೇ ಹೊತ್ತಿಗೆ ಆಥೆಲ್‌ಸ್ಟನ್ ಸ್ಪಿಲ್‌ಹೌಸ್ ಒಂದು ಸಾಧನ ಮಾಡಿದರು. ಟಾರ್ಪಿಡೊ ಆಕಾರದ ಲೋಹದ ಕೊಳವೆ. ಒಳಗೆ ಮಸಿ ಹಿಡಿಸಿದ ಪುಟ್ಟ ಗಾಜು, ಅದರ ಮೇಲೊಂದು ಮುಳ್ಳು. ಹಡಗಿನಿಂದ ಇಳಿಬಿಟ್ಟರೆ ಆಳ ಮತ್ತು ಉಷ್ಣತೆಗೆ ತಕ್ಕಂತೆ ಮುಳ್ಳು ಮಸಿಯ ಮೇಲೆ ಗೀರು ಎಳೆಯುತ್ತದೆ. ಗ್ರಹಣ ನೋಡಲು ಬುಡ್ಡಿದೀಪದ ಮೇಲೆ ಗಾಜು ಹಿಡಿದು ಮಸಿ ಮಾಡುತ್ತಿದ್ದೆವಲ್ಲ, ಹಾಗೇ. (ಗ್ರಹಣಕ್ಕೆ ಆ ಗಾಜು ಬಳಸಬೇಡಿ, ಕಣ್ಣು ಹೋಗುತ್ತದೆ. ಗ್ರಹಣದ ದಿನ ಹೊರಗೆ ಬರಲು ಮಾತ್ರ ಯಾವ ಹೆದರಿಕೆಯೂ ಬೇಡ.) ಎರಡನೇ ಮಹಾಯುದ್ಧದಲ್ಲಿ ಇದೇ ಬಗೆಯ ಸಾಧನ ಸಬ್‌ಮರೀನ್‌ಗಳಿಗೂ ಬಂತು. ಎಷ್ಟು ಆಳದಲ್ಲಿ ಅಡಗಬೇಕು ಅನ್ನುವುದನ್ನು ನಾವಿಕರು ಆ ಗೀರು ನೋಡಿ ತಿಳಿದುಕೊಂಡರು. ಕಥೆಗಳಲ್ಲಿ ಬರುವ ಕ್ಯಾಪ್ಟನ್ನನ 'ಆರನೇ ಇಂದ್ರಿಯ'ದ ಹಿಂದೆ ಇಂಥದ್ದೊಂದು ಗೀರು ಇರುತ್ತದೆ.

ಆದರೆ ಲೇಯರ್ ಅಂದರೆ ಮಾಯದ ಕಂಬಳಿ ಅಲ್ಲ. ಹಲವು ಕಾದಂಬರಿಗಳು ಇಲ್ಲೇ ಎಡವುತ್ತವೆ. ಕೆಳಗೆ ಅಡಗಿದವನಿಗೂ ಮೇಲಿನ ಸದ್ದು ಸರಿಯಾಗಿ ಕೇಳುವುದಿಲ್ಲ. ಗುಡುಗಿನಂಥ ತೀರಾ ತಗ್ಗಿನ ಸ್ಥಾಯಿಯ ದನಿಗಳು ಪದರ ದಾಟಿ ಸೋರುತ್ತವೆ. ಮೇಲಿನ ಹಡಗು ಸೋನಾರನ್ನೇ ಹಗ್ಗ ಕಟ್ಟಿ ಪದರದ ಕೆಳಗೆ ಇಳಿಸಬಹುದು, ಹೆಲಿಕಾಪ್ಟರ್ ಕೂಡ ಬಾವಿಗೆ ಕೊಡ ಬಿಟ್ಟ ಹಾಗೆ ಇಳಿಬಿಡುತ್ತದೆ. ಇನ್ನು ಕಡಲಾಳ ನಿಶ್ಶಬ್ದ ಅನ್ನುವುದಂತೂ ಶುದ್ಧ ಸುಳ್ಳು. ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಚಿಟಿಕೆ ಹೊಡೆಯುವ ಸೀಗಡಿಗಳು ಲಕ್ಷಗಟ್ಟಲೆ ಇರುತ್ತವೆ. ಬೆರಳುದ್ದದ ಪ್ರಾಣಿ. ಕೊಂಡಿ ಮುಚ್ಚಿದ ರಭಸಕ್ಕೆ ಒಂದು ಗುಳ್ಳೆ ಹುಟ್ಟುತ್ತದೆ, ಆ ಗುಳ್ಳೆ ಕುಸಿದಾಗ ಸದ್ದು. ಸದ್ದು ಬರುವುದು ಕೊಂಡಿಯಿಂದಲ್ಲ, ಗುಳ್ಳೆಯಿಂದ ಎಂದು ಗೊತ್ತಾದದ್ದು 2000ದಲ್ಲಿ. ಎಲ್ಲ ಸೇರಿದರೆ ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಮಹಾಯುದ್ಧದಲ್ಲಿ ಈ ಗದ್ದಲ ಸೋನಾರ್‌ಗಳ ಕಿವಿ ಕೆಡಿಸಿತ್ತು.

ಇನ್ನು ಗೆಳೆಯನ ಪ್ರಶ್ನೆ. ಕೆಳಕ್ಕೆ ಬಾಗಿದ ಸದ್ದು ಎಲ್ಲಿಗೆ ಹೋಯಿತು? ಕಡಲು ಸಾಕಷ್ಟು ಆಳವಿದ್ದರೆ ಒಂದು ಮಟ್ಟದ ನಂತರ ನೀರು ಇನ್ನು ಹೆಚ್ಚು ತಣ್ಣಗಾಗುವುದಿಲ್ಲ. ಒತ್ತಡ ಮಾತ್ರ ಏರುತ್ತಲೇ ಇರುತ್ತದೆ. ಈಗ ಕೆಳಗೇ ವೇಗ ಜಾಸ್ತಿ. ಹಾಗಾಗಿ ಸದ್ದು ಮೇಲಕ್ಕೆ ಬಾಗಲು ಶುರು ಮಾಡುತ್ತದೆ. ಬಾಣಲೆಯ ಅಂಚಿನಿಂದ ಬಿಟ್ಟ ಗೋಲಿ ತಳ ದಾಟಿ ಎದುರಿನ ಅಂಚು ಹತ್ತುವ ಹಾಗೆ, ಸುಮಾರು 55 ಕಿಲೋಮೀಟರ್ ದೂರದಲ್ಲಿ ಮತ್ತೆ ಮೇಲೆ ಬರುತ್ತದೆ. ಸುತ್ತಲೂ ಬಳೆಯ ಹಾಗೆ ಒಂದು ಉಂಗುರ. ಅಲ್ಲಿದ್ದವರಿಗೆ ಕೇಳುತ್ತದೆ. ನಡುವೆ ಇಪ್ಪತ್ತು ಕಿಲೋಮೀಟರಿನಲ್ಲಿ ಇರುವವರ ಕಾಲ ಕೆಳಗೆ, ಬಹಳ ಆಳದಲ್ಲಿ, ಹಾದು ಹೋಗಿಬಿಡುತ್ತದೆ. ನಮ್ಮ ಕಾರವಾರ, ಮಲ್ಪೆ ತೀರದ ಹತ್ತಿರ ಇದು ಸಾಧ್ಯವಿಲ್ಲ, ಅಲ್ಲಿ ಅಷ್ಟು ಆಳವೇ ಇಲ್ಲ. ಸದ್ದು ತಳಕ್ಕೆ ಬಡಿದು ಚದುರುತ್ತದೆ.

ಬಿಸಿ ಕಡಲಲ್ಲಿ ಸೋನಾರ್ ನಂಬುವುದು ಎಷ್ಟು ಕಷ್ಟ ಎಂದು ನಮ್ಮವರಿಗೆ ಚೆನ್ನಾಗಿ ಗೊತ್ತು. 1971ರ ಡಿಸೆಂಬರ್ 9ರ ರಾತ್ರಿ ದಿಯು ಬಳಿ ನಮ್ಮ ಯುದ್ಧನೌಕೆ 'ಐಎನ್‌ಎಸ್ ಖುಕ್ರಿ'ಯನ್ನು ಪಾಕಿಸ್ತಾನದ ಸಬ್‌ಮರೀನ್ 'ಹ್ಯಾಂಗೋರ್' ಟಾರ್ಪಿಡೊದಿಂದ ಮುಳುಗಿಸಿತು. ಖುಕ್ರಿಯ ಕಿವಿಗಿಂತ ಹ್ಯಾಂಗೋರ್‌ನ ಕಿವಿ ದೂರದ್ದು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಕಾದಂಬರಿಯಲ್ಲಿ ಟಾರ್ಪಿಡೊ ಪುಟ ಬಂದಾಗ ನನಗೆ ಪ್ರತಿ ಸಲ ಈ ರಾತ್ರಿ ನೆನಪಾಗುತ್ತದೆ.

ಬಾಣಲೆಯ ತಳದಲ್ಲೇ ಗೋಲಿ ಬಿಟ್ಟರೆ? ಅಂದರೆ ಸದ್ದಿನ ವೇಗ ಅತಿ ಕಡಿಮೆಯಿರುವ ಆಳದಲ್ಲಿ, ಹಲವು ಸಾಗರಗಳಲ್ಲಿ ಸುಮಾರು 1000 ಮೀಟರ್ ಕೆಳಗೆ, ಒಂದು ಸದ್ದು ಮಾಡಿದರೆ? ಮೇಲಕ್ಕೆ ಹೋದದ್ದು ಕೆಳಕ್ಕೆ ಬಾಗುತ್ತದೆ, ಕೆಳಕ್ಕೆ ಹೋದದ್ದು ಮೇಲಕ್ಕೆ. ಕಾಲುವೆಯ ನೀರಿನಂತೆ ದಡ ಮೀರದೆ ಓಡುತ್ತದೆ. ಅಮೆರಿಕದ ವಿಜ್ಞಾನಿ ಮಾರಿಸ್ ಯೂಯಿಂಗ್ 1944ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ರಷ್ಯಾದ ಬ್ರೆಖೊವ್‌ಸ್ಕಿಖ್ ಬೇರೆಯಾಗಿಯೇ ಕಂಡುಕೊಂಡರು. 1960ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಪರ್ತ್ ಬಳಿ ಸಿಡಿಮದ್ದು ಸಿಡಿಸಿದರೆ, ಸುಮಾರು 20 ಸಾವಿರ ಕಿಲೋಮೀಟರ್ ಆಚೆ ಬರ್ಮುಡಾದಲ್ಲಿ 3 ಗಂಟೆ 43 ನಿಮಿಷದ ನಂತರ ಕೇಳಿಸಿತು. ಬರ್ಮುಡಾ ಅಂದರೆ ಹಡಗು ನುಂಗುವ ಭೂತ ಎಂದು ಇವತ್ತಿಗೂ ವಾಟ್ಸಾಪಿನಲ್ಲಿ ಬರುತ್ತದೆ. ಭೂಮಿಯ ಆ ಮಗ್ಗುಲಿನ ಸದ್ದು ಈ ಮಗ್ಗುಲಿಗೆ ತಲುಪಿದ ಈ ಸಂಗತಿ ಯಾರೂ ಕಳಿಸುವುದಿಲ್ಲ. ನನಗೆ ಅದೇ ಬೇಸರ.

2017ರ ನವೆಂಬರ್ 15ರಂದು ಅರ್ಜೆಂಟೀನಾದ 'ಸ್ಯಾನ್ ಹುವಾನ್' ಎಂಬ ಸಬ್‌ಮರೀನ್ 44 ಜನರೊಂದಿಗೆ ಕಾಣೆಯಾಯಿತು. ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಕಡಲೊಳಗೆ ಇಟ್ಟಿರುವ ಮೈಕುಗಳಾದ ಹೈಡ್ರೋಫೋನ್‌ಗಳಲ್ಲಿ, ಸುಮಾರು 6000 ಕಿಲೋಮೀಟರ್ ದೂರದ ಅಸೆನ್ಶನ್ ದ್ವೀಪದಲ್ಲೂ 8000 ಕಿಲೋಮೀಟರ್ ದೂರದ ಕ್ರೋಝೆ ದ್ವೀಪಗಳಲ್ಲೂ, ಆ ದಿನ ಒಂದು ಸದ್ದು ದಾಖಲಾಗಿತ್ತು. ಖಾತ್ರಿಗಾಗಿ ಡಿಸೆಂಬರ್ 1ರಂದು ಅದೇ ಪ್ರದೇಶದಲ್ಲಿ ವಿಮಾನದಿಂದ ಒಂದು ಸಿಡಿಮದ್ದು ಎಸೆದರು. ಎರಡೂ ಕಡೆ ಕೇಳಿಸಿತು. ಒಂದು ವರ್ಷದ ನಂತರ, ಆ ಸದ್ದು ತೋರಿಸಿದ್ದ ಭಾಗದಲ್ಲೇ, 900 ಮೀಟರಿಗೂ ಹೆಚ್ಚು ಆಳದಲ್ಲಿ ಸ್ಯಾನ್ ಹುವಾನ್ ಸಿಕ್ಕಿತು.