ರಟ್ಟಿನ ಕವಚ ಜೋತು ಬೀಳದಂತೆ ಮಾಡುವುದು ಹೇಗೆ?

ಪ್ರಶ್ನೆ: ಶಾಲೆಯ ನಾಟಕದಲ್ಲಿ ಮಗನಿಗೆ ಸೇನಾಧಿಪತಿ ಪಾತ್ರ. ಥರ್ಮಾಕೋಲ್, ಫೋಮ್ ಶೀಟ್ ಬೇಡವೆಂದು ರಟ್ಟಿನಲ್ಲಿ ಎದೆಕವಚ ಮಾಡಿದೆವು. ಎರಡನೇ ರಿಹರ್ಸಲ್‌ಗೇ ನಡುವೆ ಮಡಿಚಿಕೊಂಡು ಜೋತುಬಿತ್ತು. ಎಲ್ಲಿ ತಪ್ಪಿದೆವು?

ಉತ್ತರ: ಬಹುಶಃ ರಟ್ಟನ್ನು ಅಡ್ಡಡ್ಡ ಕತ್ತರಿಸಿದ್ದೀರಿ. ಪೆಟ್ಟಿಗೆಯ ಅಂಚನ್ನು ಒಮ್ಮೆ ನೋಡಿ. ಎರಡು ಹಾಳೆಗಳ ನಡುವೆ ಅಲೆಯಲೆಯಾಗಿ ಕೊಳವೆಗಳಿರುತ್ತವೆ. ಅವು ಕತ್ತಿನಿಂದ ಸೊಂಟದ ಕಡೆಗೆ ನೆಟ್ಟಗೆ ಇಳಿಯಬೇಕು. ಆಗ ರಟ್ಟು ಎದೆಯ ಸುತ್ತ ಸಲೀಸಾಗಿ ಬಾಗುತ್ತದೆ, ಹೊಟ್ಟೆಯ ಹತ್ತಿರ ಮಡಿಚುವುದಿಲ್ಲ.

ಮೆಡಿಕಲ್ ಸ್ಟೋರ್‌ನಲ್ಲೋ ಗುಜರಿ ಅಂಗಡಿಯಲ್ಲೋ ಕೇಳಿದರೆ ಮೂರು ಪದರದ ಪೆಟ್ಟಿಗೆ ಸಿಗುತ್ತದೆ, ಅಷ್ಟು ಸಾಕು. ಐದು ಪದರದ್ದು ಗಟ್ಟಿ ನಿಜ, ಆದರೆ ಮಗುವಿನ ಮೈಗೆ ಬಾಗುವುದಿಲ್ಲ. ಹೊಳೆಯುವ ಪೆಟ್ಟಿಗೆ ಬೇಡ, ಮೇಲಿನ ಪ್ಲಾಸ್ಟಿಕ್ ಪೊರೆಗೆ ಅಂಟು ಹಿಡಿಯುವುದಿಲ್ಲ. ಕವಚದ ಕೆಳ ಅಂಚು ಹೊಕ್ಕುಳಿಗಿಂತ ಎರಡು ಬೆರಳು ಮೇಲೆಯೇ ನಿಲ್ಲಲಿ, ಇಲ್ಲದಿದ್ದರೆ ಕೂತಾಗ ಮೇಲಂಚು ಗಂಟಲಿಗೆ ಚುಚ್ಚುತ್ತದೆ. ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಿಂದಿಗೆಗೆ ಸುತ್ತಿ ಹಗ್ಗ ಕಟ್ಟಿ ರಾತ್ರಿಯಿಡೀ ಬಿಡಿ.

ಇನ್ನು ಅಂಟು. 100 ಗ್ರಾಂ ಮೈದಾವನ್ನು 150 ಮಿ.ಲೀ. ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 450 ಮಿ.ಲೀ. ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಗಂಜಿಯಂತೆ ಹೊಳಪು ಬರುವವರೆಗೆ ತಿರುವಿ. ಬೂಸ್ಟು ಬರದಿರಲೆಂದು ಒಂದು ಚಮಚ ಪಟಿಕದ ಪುಡಿ ಹಾಕಿ. ಉಪ್ಪು ಹಾಕಿ ಎನ್ನುವವರಿದ್ದಾರೆ, ಕೇಳಬೇಡಿ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮೈಲುತುತ್ತವಂತೂ (ಕಾಪರ್ ಸಲ್ಫೇಟ್) ವಿಷ, ಮಕ್ಕಳ ಮೈಗೆ ತಾಗುವ ವಸ್ತುವಿಗೆ ಸಲ್ಲದು.

ಹಳೇ ಪತ್ರಿಕೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿಯಿರಿ. ಕತ್ತರಿ ಹಾಕಬೇಡಿ, ಹರಿದ ಅಂಚು ತೆಳುವಾಗಿ ಕೆಳಗಿನ ಪದರದಲ್ಲಿ ಬೆರೆತುಹೋಗುತ್ತದೆ. ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ, ಹೀಗೆ ನಾಲ್ಕು. ಹೊರಗೆ ನಾಲ್ಕಾದರೆ ಒಳಗೂ ನಾಲ್ಕು! ಒಂದೇ ಕಡೆ ಮೆತ್ತಿದರೆ ಒಣಗುವಾಗ ಕಾಗದ ಎಳೆದು ಕವಚ ಸೊಟ್ಟಗಾಗುತ್ತದೆ. ಅಂಚುಗಳೇ ಮೊದಲು ಹಾಳಾಗುವುದರಿಂದ ಅಲ್ಲಿಗೆ ಹಳೇ ಪಂಚೆಯ ಪಟ್ಟಿ ಅಂಟಿಸಿ.

ಹೆಚ್ಚಿನವರು ಎಡವುವುದು ಒಣಗಿಸುವುದರಲ್ಲಿ. ಬೆಂಗಳೂರಿನ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಎರಡು ಪದರಕ್ಕೆ ಒಂದು ಪೂರ್ತಿ ದಿನ ಫ್ಯಾನ್ ಗಾಳಿ ಬೇಕು. ಕೈಗೆ ಒಣಗಿದಂತೆ ಅನಿಸಿದರೂ ಕವಚವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಒಳಗಿನ್ನೂ ನೀರಿದೆ. ಅದರ ಮೇಲೆ ಬಣ್ಣ ಬಳಿದರೆ ಮೂರೇ ದಿನಕ್ಕೆ ಮುಗ್ಗಲು ವಾಸನೆ.

ಮೊಳೆಗುಬ್ಬಿಗೆ ರಟ್ಟಿನ ಬಿಲ್ಲೆ, ಅಂಚಿನ ಚಿತ್ತಾರಕ್ಕೆ ಸೆಣಬಿನ ಹುರಿ ಅಂಟಿಸಿ. ಯಕ್ಷಗಾನದ ಭುಜಕೀರ್ತಿಗೆ ಹಗುರ ಮರದ ಮೇಲೆ ಬೇಗಡೆ, ಅಂದರೆ ಹೊಳೆಯುವ ತೆಳು ಹಾಳೆ, ಹಚ್ಚುವ ರೂಢಿಯಿದೆ. ಆದರೆ ಈಗ ಅಂಗಡಿಯಲ್ಲಿ ಸಿಗುವ ಮಿನುಗು ಹಾಳೆ ಬಹುಪಾಲು ಪ್ಲಾಸ್ಟಿಕ್. ಕಬ್ಬಿಣದ ಹೊಳಪಿಗೆ ಅದು ಬೇಕಾಗಿಯೂ ಇಲ್ಲ. ನುಣ್ಣನೆಯ ಇದ್ದಿಲ ಪುಡಿಯನ್ನು ತೆಳು ಅಂಟಿನಲ್ಲಿ ಕಲಸಿ ಬಳಿಯಿರಿ. ಒಣಗಿದ ಮೇಲೆ 6ಬಿ ಪೆನ್ಸಿಲಿನ (ಮೆತ್ತನೆಯ ಕಡುಕಪ್ಪು ಪೆನ್ಸಿಲ್) ಗ್ರಾಫೈಟ್ ಕಡ್ಡಿಯ ಪುಡಿಯನ್ನು ಹತ್ತಿಬಟ್ಟೆಯಲ್ಲಿ ಉಜ್ಜಿ. ಉಬ್ಬಿದ ಕಡೆ ಉಕ್ಕಿನಂತೆ ಮಿಂಚಿ, ಸಂದಿಗಳು ಕಪ್ಪಾಗಿಯೇ ಉಳಿಯುತ್ತವೆ.

ಕೊನೆಗೆ ಅರಗು, ಇಲ್ಲದಿದ್ದರೆ ಆ ಕಪ್ಪೆಲ್ಲ ಅಂಗಿಗೆ ಬರುತ್ತದೆ. 30 ಗ್ರಾಂ ಅರಗಿನ ಚಕ್ಕೆಯನ್ನು (ಅಂಗಡಿಯಲ್ಲಿ ಶೆಲ್ಯಾಕ್ ಎನ್ನುತ್ತಾರೆ) 250 ಮಿ.ಲೀ. ಪಾಲಿಶ್ ಸ್ಪಿರಿಟ್‌ನಲ್ಲಿ ರಾತ್ರಿ ನೆನೆಸಿ, ತೆಳುವಾಗಿ ಎರಡು ಸಲ ಬಳಿಯಿರಿ. ಇದು ದೊಡ್ಡವರ ಕೆಲಸ, ಟೆರೇಸ್ ಮೇಲೆ, ಬೆಂಕಿಯಿಂದ ದೂರ. ಮೋಡ ಕವಿದ ದಿನ ಬಳಿದರೆ ಬೆಳ್ಳಗೆ ಮಂಜು ಕಟ್ಟುತ್ತದೆ, ಬಿಸಿಲು ಬರುವವರೆಗೆ ಕಾಯಿರಿ. ಅರಗು ಬೆವರಿಗೆ ತಕ್ಕಮಟ್ಟಿಗೆ ತಡೆಯುತ್ತದೆ, ಜೋರು ಮಳೆಗಲ್ಲ.

ಹಿಂಭಾಗವನ್ನು ಗ್ಲೂ ಗನ್‌ನಿಂದ ಅಂಟಿಸದೆ, ದಬ್ಬಳದಿಂದ ತೂತು ಮಾಡಿ ಹತ್ತಿಯ ಲಾಡಿ ಪೋಣಿಸಿ. ನಾಟಕ ಮುಗಿದ ಮೇಲೆ ಲಾಡಿ ಬಿಚ್ಚಿಟ್ಟುಕೊಂಡು, ಕವಚವನ್ನು ಚೂರು ಮಾಡಿ ಕಾಂಪೋಸ್ಟ್‌ಗೆ ಹಾಕಬಹುದು. ಎತ್ತಿಡುವುದಾದರೆ ಅಟ್ಟದ ಮೇಲಲ್ಲ, ಮುಚ್ಚಳವಿರುವ ಟ್ರಂಕಿನಲ್ಲಿ. ಮೈದಾ ಎಂದರೆ ಜಿರಲೆಗೂ ಇಲಿಗೂ ಹಬ್ಬ.